ಬೆರಳು ಬಿಡದ ಉಂಗುರ

ಸುತ್ತಿಗೆ ಮೊಳೆಯ ತಲೆಯ ಮೇಲೆ ಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅದು ಬಿದ್ದದ್ದು ಸೋಫಾದವನ ಎಡಗೈಯ ಉಂಗುರದ ಬೆರಳಿನ ಮೇಲೆ. ಭಾನುವಾರ ಬೆಳಗ್ಗೆ ಬುದ್ಧಿವಂತರು ಕಾಲು ಚಾಚಿ ಪೇಪರ್ ಓದುತ್ತಾರೆ. ಇವನು ಸಂಜೆಯ ಪ್ರದರ್ಶನದ ಗಾಬರಿಯನ್ನು ಮರೆಯಲಿಕ್ಕೆಂದು ಗಿರಾಕಿಯೊಬ್ಬರ ಒರಗು ಕುರ್ಚಿಗೆ ಬಟ್ಟೆ ಬಡಿಯಲು ಕೂತಿದ್ದ. ನೋಡನೋಡುತ್ತಿದ್ದಂತೆ ಬೆರಳು ಎಳೆ ಬದನೆಕಾಯಿಯ ಹಾಗೆ ಊದಿತು, ಮದುವೆಯ ಉಂಗುರ ಅದರ ಬುಡದಲ್ಲಿ ಸಿಕ್ಕಿಕೊಂಡಿತು.

ಬೇರೆ ಯಾರಾದರೂ ಆಗಿದ್ದರೆ ಬೆರಳಿಗಾಗಿ ಅಳುತ್ತಿದ್ದರು. ಸೋಫಾದವನಿಗೆ ಅಳು ಬಂದದ್ದು ಉಂಗುರವನ್ನು ನೋಡಿ.

ಹೆಂಡತಿ ಇದ್ದಾಳೆಂಬುದನ್ನು ಮುಚ್ಚಿಡುವ ಗಂಡಸರಿಗೆ ಲೋಕದಲ್ಲಿ ಬರವಿಲ್ಲ. ಆದರೆ ಇವನ ಕಳ್ಳತನ ಕೊಂಚ ಬೇರೆ ಜಾತಿಯದು. ರೈಲ್ವೆ ಹಳಿಯ ಆಚೆ ಒಂದು ಹಳೆಯ ಗೋದಾಮಿನಲ್ಲಿ ಪ್ರತಿ ಭಾನುವಾರ ಸಂಜೆ ಒಂದು ತಂಡ ಆಟ ಆಡುತ್ತಿತ್ತು. ಗಂಡಸರು ಗೌನು ತೊಟ್ಟು, ರೆಪ್ಪೆ ಅಂಟಿಸಿಕೊಂಡು, ರಾಣಿಯರಾಗಿ ಹಾಡಿಗೆ ಕುಣಿಯುವ ಆಟ. ಆಡುವವರು, ಬಣ್ಣ ಹಚ್ಚುವವರು, ನೋಡಲು ಬರುವವರು ಬಹುಪಾಲು ಗಂಡಸರನ್ನೇ ಮೆಚ್ಚುವ ಗಂಡಸರು, ಹೆಂಗಸರನ್ನೇ ಮೆಚ್ಚುವ ಹೆಂಗಸರು. ಎರಡು ವರ್ಷದ ಹಿಂದೆ ಆ ರಾಣಿಯರ ಸೊಂಟಕ್ಕೆ ಸ್ಪಂಜು ಕತ್ತರಿಸಿಕೊಡಲು ಹೋದವನು ಸೋಫಾದವನು. ಕಟ್ಟುವುದು ಹೇಗೆಂದು ತೋರಿಸಲಿಕ್ಕೆ ತಾನೇ ಕಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದ. ವರ್ಷಗಟ್ಟಲೆ ಸೋಫಾ ಹೊತ್ತು ಮೆಟ್ಟಿಲು ಹತ್ತಿದ ಸೊಂಟ ಅದು. ಅವನಿಗಿಂತ ಮೊದಲೇ ಬಾಗಿಲು ದಾಟಿತು. ಕೋಣೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಆ ವಾರ ಒಬ್ಬ ರಾಣಿಗೆ ಜ್ವರ ಬಂದದ್ದೇ ನೆಪವಾಗಿ ಇವನು ವೇದಿಕೆ ಹತ್ತಿದ. ಅಂದಿನಿಂದ ಅವನು ಅಲ್ಲಿ ಸ್ಪ್ರಿಂಗ್ ರಾಣಿ.

ತಂಡದ ಯಜಮಾನಿಕೆ ದೊಡ್ಡಮ್ಮನದು. ವಾರದ ದಿನಗಳಲ್ಲಿ ದೊಡ್ಡಮ್ಮ ಎಂದರೆ ಲಿಫ್ಟುಗಳ ತಪಾಸಣೆ ಮಾಡುವ, ಮೀಸೆಯೊಂದಿಲ್ಲದ ಗಂಭೀರ ಗಂಡಸು. ನಮ್ಮ ಕತೆ ನಡೆಯುವುದು ಭಾನುವಾರವಾದ್ದರಿಂದ ನಾವೂ ದೊಡ್ಡಮ್ಮ ಎಂದೇ ಕರೆಯೋಣ. ಬಣ್ಣದ ಕೋಣೆಯಲ್ಲಿ ದೊಡ್ಡಮ್ಮನ ಕಟ್ಟಪ್ಪಣೆ ಒಂದೇ. ಇಲ್ಲಿ ಯಾರೂ ಯಾರನ್ನೂ ನೀನು ಏನು, ಎಂಥವನು ಎಂದು ಕೇಳಕೂಡದು. ಹೊರಗಿನವರು ಕೇಳಿ ಕೇಳಿ ಜೀವ ತಿಂದಿದ್ದಾರೆ. ಇಲ್ಲಿ ಅವರಾಗಿ ಹೇಳಿದರೆ ಕೇಳಿಸಿಕೊಂಡರಾಯಿತು.

ಯಾರೂ ಕೇಳಲಿಲ್ಲ, ಇವನು ಹೇಳಲಿಲ್ಲ. ಮೌನವನ್ನೇ ಒಪ್ಪಿಗೆ ಎಂದುಕೊಂಡು ಇವನನ್ನೂ ತಮ್ಮಂಥವನೇ ಎಂದು ತಿಳಿದರು. ಮನೆ ಬಿಟ್ಟವರು, ಅಪ್ಪನ ಜೊತೆ ಮಾತು ನಿಂತವರು, ಕೆಲಸ ಕಳೆದುಕೊಂಡವರು ಕನ್ನಡಿಯ ಮುಂದೆ ಕೂತು ತಮ್ಮ ಕತೆ ಹೇಳುವಾಗ ಸೋಫಾದವನಿಗೆ ತಾನು ಟಿಕೆಟ್ ಇಲ್ಲದೆ ಬಸ್ಸು ಹತ್ತಿದವನ ಹಾಗೆ ಅನಿಸುತ್ತಿತ್ತು. ಇಳಿದುಬಿಡೋಣವೆಂದರೆ ಮನಸ್ಸಿಲ್ಲ. ಅವನಿಗೆ ಅದುವರೆಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸೋಫಾ ಚೆನ್ನಾಗಿ ಬಂದರೆ ಜನ ಅದರ ಮೇಲೆ ಕೂರುತ್ತಾರೆ, ಅಷ್ಟೇ. ಹಾಗಾಗಿ ಪ್ರತಿ ವಾರ ಗೋದಾಮಿನ ಬಾಗಿಲಲ್ಲಿ ಉಂಗುರ ಬಿಚ್ಚಿ ಕಾಲುಚೀಲದೊಳಗೆ ಇಳಿಸಿ ಒಳಗೆ ಹೋಗುತ್ತಿದ್ದ.

ಇವತ್ತು ಅವನ ಮೊದಲ ಒಂಟಿ ಕುಣಿತ. ಹಾಡಿನ ನಡುವೆ ಮೊಣಕೈವರೆಗಿನ ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿ ಎಸೆಯುವುದೇ ಅದರ ಜೀವಾಳ.

ಹೆಂಡತಿ ಸೋಪು ತಂದು ತಿಕ್ಕಿದಳು. ಆಮೇಲೆ ಎಣ್ಣೆ. ಉಂಗುರ ಜಪ್ಪಯ್ಯ ಎನ್ನಲಿಲ್ಲ.

"ಇರ್ಲಿ ಬಿಡಿ, ಉಂಗುರ ತಾನೆ. ರಾಣಿಯರು ಉಂಗುರ ಹಾಕಲ್ವಾ?" ಎಂದಳು ಅವಳು.

"ಇದು ಆ ಗೌನಿಗೆ ಹೊಂದಲ್ಲ."

"ಆ ಗೌನು ಹೊಲಿದಿದ್ದು ನಾನು. ನನಗೆ ಗೊತ್ತಿಲ್ವಾ ಏನು ಹೊಂದುತ್ತೆ ಅಂತ? ಅಂದಹಾಗೆ ಇವತ್ತು ನಾನೂ ಬರ್ತೀನಿ. ಇಷ್ಟು ದಿನ ಒಂದು ಸಲಾನಾದ್ರೂ ಕರ್ಕೊಂಡು ಹೋಗಿದೀರಾ?"

"ಟಿಕೆಟ್ ಎಲ್ಲ ಮುಗಿದುಹೋಗಿದೆ."

ಸೋಫಾದವನ ಮುಖದಲ್ಲಿ ಯಾವ ಭಾವನೆಯೂ ಮೂಡುತ್ತಿರಲಿಲ್ಲ. ಸೋಫಾದ ಬೆನ್ನಿಗಾದರೂ ಇವನ ಮುಖಕ್ಕಿಂತ ಹೆಚ್ಚು ಕಳೆ ಇದೆ ಎಂಬುದು ದೊಡ್ಡಮ್ಮನ ನಿತ್ಯದ ದೂರು. ಆದರೆ ಸುಳ್ಳು ಹೇಳಿದಾಗ ಅವನ ಕಿವಿ ಕೆಂಪಾಗುತ್ತಿತ್ತು. ಹೆಂಡತಿ ಕಿವಿ ನೋಡಿದಳು, ಎಣ್ಣೆಯ ಬಟ್ಟಲು ಒಳಗಿಟ್ಟು ಬಂದಳು.

ಅಷ್ಟರಲ್ಲಿ ಪಕ್ಕದ ಮನೆಯ ಕಂಡಕ್ಟರು ಬಂದರು. ಬಸ್ಸಿನ ಕೆಲಸದಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಎಲ್ಲರಿಗೂ ಅವರು ಕಂಡಕ್ಟರೇ. ಮದುವೆಯಾದವರಲ್ಲ. ಸ್ವಂತ ಮನೆಯಲ್ಲಿ ಮೂಗು ತೂರಿಸಲು ಇನ್ನೊಂದು ಜೀವವಿಲ್ಲದ್ದರಿಂದ ಪಕ್ಕದ ಮನೆಯಲ್ಲಿ ತೂರಿಸುತ್ತಿದ್ದರು.

"ದಾರ ತನ್ನಿ. ಬೆರಳಿಗೆ ಬಿಗಿಯಾಗಿ ಸುತ್ತಿ ಆ ಕಡೆಯಿಂದ ಬಿಚ್ತಾ ಬಂದ್ರೆ ಉಂಗುರ ತಾನಾಗೇ ಮುಂದೆ ಹೋಗುತ್ತೆ," ಎಂದರು.

ದಾರ ಸುತ್ತಿದರು. ಸುತ್ತಿದ್ದು ಸೋಫಾ ಹೊಲಿಯುವ ದಾರ. ಬೆರಳು ಕೆಂಪಾಯಿತು, ನೀಲಿಯಾಯಿತು, ಆಮೇಲೆ ಹೆಸರಿಲ್ಲದ ಒಂದು ಬಣ್ಣಕ್ಕೆ ತಿರುಗಿತು. ಮುಂದೆ ಹೋದದ್ದು ನೋವು ಮಾತ್ರ.

"ಫೈರ್ ಸ್ಟೇಷನ್ನಲ್ಲಿ ಉಂಗುರ ಕತ್ತರಿಸಿ ಕೊಡ್ತಾರಂತೆ," ಎಂದರು ಕಂಡಕ್ಟರು.

"ಕತ್ತರಿಸೋದಾ?" ಎಂದಳು ಹೆಂಡತಿ. ಅವಳ ದನಿ ಕೇಳಿ ಗಂಡಸರಿಬ್ಬರೂ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಕೈಯನ್ನು ಜೇಬಿನಲ್ಲಿ ತುರುಕಿಕೊಂಡು, ಇನ್ನೊಂದು ಕೈಯಲ್ಲಿ ಚೀಲ ಹಿಡಿದು ಸಂಜೆ ಸೋಫಾದವನು ಗೋದಾಮಿಗೆ ಓಡಿದ. ಬಣ್ಣದ ಕೋಣೆಗೆ ಬಂದು ಚೀಲ ಬಿಚ್ಚಿದಾಗ ಗೌನಿತ್ತು, ಸ್ಪಂಜಿನ ಎಡಗಡೆಯ ಸೊಂಟವಿತ್ತು. ಬಲಗಡೆಯದು ಮನೆಯಲ್ಲೇ ಉಳಿದಿತ್ತು.

ಅದಕ್ಕೆ ಚಿಂತಿಸುವಷ್ಟು ಹೊತ್ತು ಸಿಗಲಿಲ್ಲ. ಮುಖಕ್ಕೆ ಬಣ್ಣ ಹಚ್ಚುವ ಹುಡುಗಿ "ಕೈ ಕೊಡಿ, ಉಗುರು ಅಂಟಿಸ್ತೀನಿ" ಎಂದು ಜೇಬಿನಿಂದ ಕೈ ಎಳೆದಳು. ಉಂಗುರ ನೋಡಿದಳು. ಮರುಕ್ಷಣ ಅವಳ ಕೈಯಲ್ಲಿದ್ದ ಪೌಡರ್ ಡಬ್ಬಿ ನೆಲಕ್ಕೆ ಬಿತ್ತು.

"ದೊಡ್ಡಮ್ಮಾ, ಇಲ್ಲಿ ಬನ್ನಿ. ನಮ್ಮ ಸ್ಪ್ರಿಂಗ್ ರಾಣಿಗೆ ನಿಶ್ಚಯ ಆಗಿದೆ."

ಗಂಡಸಿನ ಬೆರಳಲ್ಲಿ ಉಂಗುರ ಕಂಡರೆ ಊರೆಲ್ಲ ಹೆಂಡತಿ ಇದ್ದಾಳೆ ಎಂದುಕೊಳ್ಳುತ್ತದೆ. ಈ ಕೋಣೆಯಲ್ಲಿ ಮಾತ್ರ ಯಾರಿಗೂ ಆ ಯೋಚನೆಯೇ ಬರಲಿಲ್ಲ. ದೊಡ್ಡಮ್ಮ ಅರ್ಧ ಮುಖಕ್ಕೆ ಬಣ್ಣ ಹಚ್ಚಿಕೊಂಡೇ ಓಡಿ ಬಂದು ಅವನನ್ನು ಅಪ್ಪಿಕೊಂಡಳು.

"ಎರಡು ವರ್ಷದಿಂದ ಒಬ್ಬನೇ ಬರ್ತೀಯ, ಒಬ್ಬನೇ ಹೋಗ್ತೀಯ. ಈ ಮಗುಗೆ ಯಾರೂ ಇಲ್ವಲ್ಲ ಅಂತ ನನಗೆ ನಿದ್ದೆ ಇರ್ಲಿಲ್ಲ. ನನ್ನ ತಮ್ಮನಿಗೆ ತೋರಿಸೋಣ ಅಂತಿದ್ದೆ. ಇರ್ಲಿ, ನೀನೇ ಹುಡುಕ್ಕೊಂಡಿದೀಯ. ಯಾರು ಅಂತ ನಾನು ಕೇಳಲ್ಲ. ಹೇಳಬೇಕು ಅನಿಸಿದಾಗ ನೀನೇ ಹೇಳು."

"ದೊಡ್ಡಮ್ಮ, ವಿಷಯ ಏನಂದ್ರೆ..."

"ಅವಸರ ಇಲ್ಲ ಮಗಾ," ಎಂದು ದೊಡ್ಡಮ್ಮ ಕಣ್ಣೊರೆಸಿಕೊಂಡಳು. ಆಗಲೇ ಯಾರೋ ಕೇಕು ತರಲು ಓಡಿದ್ದರು. ಇಷ್ಟು ಪ್ರೀತಿಯ ನಡುವೆ ನಿಜ ಹೇಳುವುದು ಮಲಗಿದ ಮಗುವಿನ ಹೊದಿಕೆ ಎಳೆದಷ್ಟೇ ಕಷ್ಟ. ಸೋಫಾದವನು ಬಾಯಿ ತೆರೆದ. ಅದರೊಳಗೆ ಕೇಕಿನ ತುಂಡು ಬಂದು ಕೂತಿತು.

ಆಗ ಬಾಗಿಲು ತಟ್ಟಿದ ಸದ್ದಾಯಿತು. ಕಂಡಕ್ಟರು ನಿಂತಿದ್ದರು. ಅವರ ಕಂಕುಳಲ್ಲಿ ಬಲಗಡೆಯ ಸೊಂಟವಿತ್ತು.

"ಮನೇಲಿ ಬಿಟ್ಟು ಬಂದಿದ್ರಲ್ಲ, ತಂದೆ. ಬೆರಳು ಹೇಗಿದೆ? ಬೆಳಗ್ಗೆಯಿಂದ ನನಗೆ ಅದೇ ಯೋಚನೆ. ನಾನೇ ಅಷ್ಟು ಬಿಗಿಯಾಗಿ ಮಾಡಿಬಿಟ್ಟೆ."

 ದೊಡ್ಡಮ್ಮ ಕಂಡಕ್ಟರನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ವಯಸ್ಸು ಕೊಂಚ ಹೆಚ್ಚಾಯಿತು ಎಂದು ಅವಳ ಹುಬ್ಬು ಹೇಳಿತು. ಮನುಷ್ಯ ಒಳ್ಳೆಯವನು ಎಂದು ಕಣ್ಣು ಹೇಳಿತು. ಅವಳು ಅವರ ಎರಡೂ ಕೈ ಹಿಡಿದುಕೊಂಡಳು. ಜನ್ಮದಲ್ಲಿ ಮೊದಲ ಸಲ ತನ್ನ ಕಟ್ಟಪ್ಪಣೆಯನ್ನು ತಾನೇ ಮುರಿದು ಕೇಳಿದಳು.

"ಸಂಕೋಚ ಪಡಬೇಡಿ. ಇಲ್ಲಿರೋ ಗಂಡಸರೆಲ್ಲ ಗಂಡಸರನ್ನ ಇಷ್ಟಪಡೋರೇ. ನೀವೂ ನಮ್ಮವರು ತಾನೆ?"

ಕಂಡಕ್ಟರು ಸುತ್ತ ನೋಡಿದರು. ಕನ್ನಡಿಗಳನ್ನು, ಗೌನುಗಳನ್ನು, ತಟ್ಟೆಯಲ್ಲಿದ್ದ ಕೇಕನ್ನು ನೋಡಿದರು. ತಡವಾಗಿ, ಬಹಳ ಮೆಲ್ಲಗೆ, "ಹೌದು" ಎಂದರು.

ಕೇಕಿನ ಆಸೆಗೆ ಮನುಷ್ಯ ಏನು ಬೇಕಾದರೂ ಒಪ್ಪಿಕೊಳ್ಳುತ್ತಾನಲ್ಲ ಎಂದು ಸೋಫಾದವನು ಹಲ್ಲು ಕಚ್ಚಿದ. ಅತ್ತ ದರಿ, ಇತ್ತ ಪುಲಿ. ಕಂಡಕ್ಟರನ್ನು ಮೆರವಣಿಗೆಯಲ್ಲಿ ಕರೆದೊಯ್ದು ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿದರು. ಬದುಕೆಲ್ಲ ನಿಂತೇ ಪ್ರಯಾಣ ಮಾಡಿದ ಮನುಷ್ಯ ಆ ಕುರ್ಚಿಯ ಕೈಗಳನ್ನು ಸವರುತ್ತ ಕೂತರು.

ಹಾಡು ಶುರುವಾಯಿತು. ಕೆಂಪು ಗೌನಿನಲ್ಲಿ ಸ್ಪ್ರಿಂಗ್ ರಾಣಿ ಬಂದಳು, ಎರಡೂ ಸೊಂಟದೊಂದಿಗೆ. ಬಲಗೈಯ ಗವಸು ಸಲೀಸಾಗಿ ಕಳಚಿ ಹಾರಿತು. ಎಡಗೈಯದು ಉಂಗುರಕ್ಕೆ ಸಿಕ್ಕಿ ನಿಂತಿತು. ಎಳೆದ. ಬೆರಳಿನಿಂದ ನೆತ್ತಿಯವರೆಗೆ ಮಿಂಚು ಹೊಡೆಯಿತು. ಮತ್ತೆ ಎಳೆದ. ಕಣ್ಣಲ್ಲಿ ನೀರು ತುಂಬಿ, ಅಂಟಿಸಿದ ರೆಪ್ಪೆ ಜಾರಿ, ತುಟಿ ನಡುಗಿತು. ಎರಡು ವರ್ಷದಲ್ಲಿ ಮೊದಲ ಬಾರಿ ಆ ಮುಖದಲ್ಲಿ ಭಾವನೆಯೊಂದು ಮೂಡಿತು. ಸಭೆ ಉಸಿರು ಬಿಗಿಹಿಡಿಯಿತು, ಯಾರೋ ಬಿಕ್ಕಿದರು. ಇವನು ಗವಸಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಒಂದೇ ಏಟಿಗೆ ಕಿತ್ತ.

ಸೋಪಿಗೆ, ಎಣ್ಣೆಗೆ, ದಾರಕ್ಕೆ ಬಗ್ಗದ ಉಂಗುರ ಗವಸಿನ ಜೊತೆ ಹಾರಿ, ಮೊದಲ ಸಾಲಿನ ಮುಂದೆ ಟಣ್ಣೆಂದು ಬಿತ್ತು.

ಬಿದ್ದ ಚಿಲ್ಲರೆಯನ್ನು ಸೀಟಿನಡಿಯಿಂದ ಹೆಕ್ಕಿಕೊಡುವುದು ಕಂಡಕ್ಟರ ರಕ್ತದಲ್ಲೇ ಇತ್ತು. ಬಗ್ಗಿ ಎತ್ತಿಕೊಂಡರು, ವೇದಿಕೆಯ ಕಡೆ ನಡೆದರು. ವೇದಿಕೆ ಎತ್ತರ, ಮಂಡಿ ಹಳೆಯದು. ಒಂದು ಮಂಡಿ ಊರಿ ಹತ್ತಿದವರು ಮೇಲೇಳಲಾರದೆ ಹಾಗೇ ಉಳಿದು, ಉಂಗುರವನ್ನು ಮೇಲಕ್ಕೆ ಚಾಚಿದರು.

"ಆ ಕೈ ಬೇಡ, ಊದಿದೆ. ಈ ಕೈ ಕೊಡಿ," ಎಂದು ಬಲಗೈಯ ಬೆರಳಿಗೆ ತೊಡಿಸಿಯೂಬಿಟ್ಟರು.

ಗೋದಾಮು ಎದ್ದು ನಿಂತಿತು. ಚಪ್ಪಾಳೆಗೆ ತಗಡಿನ ಮಾಡು ಅದುರಿತು. ಆ ಗದ್ದಲದ ನಡುವೆ ಕಡೆಯ ಸಾಲಿನಲ್ಲಿ ಒಬ್ಬಳು ಮಾತ್ರ ಕೂತೇ ಇದ್ದದ್ದು ಸೋಫಾದವನಿಗೆ ಕಂಡಿತು. ಅವನ ಹೆಂಡತಿ, ಬಾಗಿಲಲ್ಲೇ ಟಿಕೆಟ್ ಕೊಂಡು ಬಂದವಳು. ಅವಳ ಮುಖ ನೋಡಿ ಅವನಿಗೆ ಬೆರಳಿನ ನೋವು ಮರೆತುಹೋಯಿತು. ಇನ್ನು ಸಾಕು ಅನಿಸಿತು. ಮೈಕು ಹಿಡಿದುಕೊಂಡ.

"ನಿಲ್ಲಿಸಿ. ಇವರು ನಮ್ಮ ಪಕ್ಕದ ಮನೆಯವರು. ಈ ಉಂಗುರ ನನ್ನ ಹೆಂಡತಿ ಕೊಟ್ಟಿದ್ದು. ನಾನು ಹೆಂಗಸರನ್ನಷ್ಟೇ ಇಷ್ಟಪಡೋ ಗಂಡಸು. ಸೋಫಾ ರಿಪೇರಿ ಮಾಡ್ತೀನಿ. ಇಷ್ಟು ದಿನ ನಿಮಗೆಲ್ಲ ಹೇಳದೆ ಮೋಸ ಮಾಡಿದೆ."

 ಆ ಗೋದಾಮು ಹುಟ್ಟಿದಾಗಿನಿಂದ ಕೇಳದಂಥ ನಗು ಎದ್ದಿತು. ಜಾರಿದ ರೆಪ್ಪೆ, ಕೆಂಪು ಗೌನು, ಎದುರಿಗೆ ಮಂಡಿಯೂರಿದ ಮುದುಕ. ಇದಕ್ಕಿಂತ ಒಳ್ಳೆಯ ತಮಾಷೆಯನ್ನು ಅವರು ಕಂಡಿರಲಿಲ್ಲ. ಸೋಫಾದವನು "ನಿಜವಾಗ್ಲೂ" ಎಂದಷ್ಟೂ ನಗು ಹೆಚ್ಚಾಯಿತು.

ಬಣ್ಣದ ಕೋಣೆಯಲ್ಲಿ ಯಾರೂ ನಗಲಿಲ್ಲ, ಏಕೆಂದರೆ ಅಲ್ಲಿಗೆ ಹೆಂಡತಿಯೇ ಬಂದು ನಿಂತಿದ್ದಳು.

"ನಾನೇ ಇವರ ಹೆಂಡತಿ," ಎಂದಳು. ಗಂಡನ ಕಡೆ ತಿರುಗಿದಳು. "ಗಂಡ ಗೌನು ಹಾಕ್ತಾರೆ ಅಂತ ನಾನು ಯಾರ ಹತ್ತಿರಾನೂ ಮುಚ್ಚಿಟ್ಟಿಲ್ಲ. ನೀವು ನನ್ನ ಯಾಕೆ ಮುಚ್ಚಿಟ್ರಿ?"

"ನಿನ್ನ ಬಗ್ಗೆ ನಾಚಿಕೆ ಆಗಿ ಅಲ್ಲ," ಎಂದ ಸೋಫಾದವನು. "ಇಲ್ಲಿ ಒಬ್ಬೊಬ್ರೂ ಏನೇನೋ ಕಳ್ಕೊಂಡು ಬಂದೋರು. ನಾನು ಸ್ಪಂಜು ಕೊಡೋಕೆ ಬಂದೋನು. ಗೊತ್ತಾದ್ರೆ ಇಳಿ ಕೆಳಗೆ ಅಂತಾರೆ ಅಂತ ಹೆದರಿಕೆ."

ದೊಡ್ಡಮ್ಮ ಕೂದಲಿನ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಒಳಗೆ ಬರೋಕೆ ಗಾಯ ತೋರಿಸಬೇಕು ಅಂತ ನಿನಗೆ ಯಾರು ಹೇಳಿದ್ದು? ನಿನ್ನ ಇಟ್ಕೊಂಡಿದ್ದು ಆ ಸೊಂಟ ನೋಡಿ. ಇನ್ನೂ ಇಟ್ಕೋತೀವಿ. ನನಗೆ ಸಿಟ್ಟು ಬಂದಿರೋದು ಬೇರೆದಕ್ಕೆ. ಈ ಗೌನು ನೀನೇ ಹೊಲಿದೆ ಅಂದಿದ್ಯಲ್ಲ."

ಸೋಫಾದವನ ಕಿವಿ ಕೆಂಪಾಯಿತು. ದೊಡ್ಡಮ್ಮ ಹೆಂಡತಿಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಎರಡು ನಿಮಿಷದಲ್ಲಿ ಇಬ್ಬರೂ ತೋಳಿನ ನೆರಿಗೆಯ ಮಾತಿಗೆ ಇಳಿದರು. ಸೋಫಾದವನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆಗ ಮೂಲೆಯಿಂದ ಕೆಮ್ಮು ಕೇಳಿಸಿತು. ಕಂಡಕ್ಟರು ಕೇಕಿನ ತಟ್ಟೆಯನ್ನು ಮುಟ್ಟದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಹಾಗಾದ್ರೆ ನಾನು ಹೊರಡ್ಬೇಕಾ?" ಎಂದರು. "ಇವರ ಜೊತೆ ನನಗೇನೂ ಇಲ್ಲ, ನಿಜ. ಆದ್ರೆ ಅವಾಗ ನೀವು ಕೇಳಿದ್ರಲ್ಲ, ನಮ್ಮವರು ತಾನೆ ಅಂತ. ನಾನು ಹೌದು ಅಂದಿದ್ದು ಸುಳ್ಳಲ್ಲ. ಇಷ್ಟು ವಯಸ್ಸಾದ್ರೂ ನನ್ನ ಯಾರೂ ಕೇಳಿರ್ಲಿಲ್ಲ."

ಸೋಫಾದವನಿಗೆ ತಲೆ ಎತ್ತಲಾಗಲಿಲ್ಲ. ಟಿಕೆಟ್ ಇಲ್ಲದ ತಾನು ಎರಡು ವರ್ಷ ಒಳಗಿದ್ದ. ಇದೇ ಬಸ್ಸಿಗೆ ಕಾದಿದ್ದ ಮನುಷ್ಯ ಗೋಡೆಯಾಚೆ ಒಬ್ಬರೇ ಇದ್ದರು.

"ಎಲ್ಲಿಗೆ ಹೊರಡ್ತೀರಿ? ಕೂತ್ಕೊಳ್ಳಿ," ಎಂದಳು ದೊಡ್ಡಮ್ಮ, ಲಿಫ್ಟು ತಪಾಸಣೆ ಮಾಡುವ ದನಿಯಲ್ಲಿ. ಆಮೇಲೆ ಸ್ವಲ್ಪ ಇಳಿಸಿ, "ಕೇಕು ತಿನ್ನಿ," ಎಂದಳು. ಬಣ್ಣದ ಹುಡುಗಿ ಅವರ ಕಣ್ಣೊರೆಸಲು ಹೋಗಿ ಕಾಡಿಗೆ ಮೆತ್ತಿದ ಬಟ್ಟೆಯಲ್ಲೇ ಒರೆಸಿದಳು.

ಹೊರಗೆ ಜನ ಇನ್ನೂ ಚದುರಿರಲಿಲ್ಲ. ಸ್ಪ್ರಿಂಗ್ ರಾಣಿ ಮತ್ತು ಅವಳ ಮುದುಕನ ಆಟ ಮುಂದಿನ ವಾರವೂ ಬೇಕೆಂದು ಕೂಗುತ್ತಿದ್ದರು.

"ಕೇಳಿಸ್ತಾ?" ಎಂದಳು ದೊಡ್ಡಮ್ಮ. "ಇನ್ಮೇಲೆ ಪ್ರತಿ ಭಾನುವಾರ ಇದೇ ಆಟ. ಉಂಗುರ ಹಾರಬೇಕು, ಕಂಡಕ್ಟರು ಮಂಡಿ ಊರಬೇಕು. ಕಡೇಲಿ ನೀನು ಹೆಂಡತಿ ಇದ್ದಾಳೆ ಅಂತ ಹೇಳಬೇಕು. ಅದಕ್ಕೇ ಜಾಸ್ತಿ ನಗೋದು."

"ಯಾರೂ ನಂಬಲ್ವಲ್ಲ ದೊಡ್ಡಮ್ಮ."

"ನಂಬೋದು ಯಾಕೆ? ನಾವು ನಂಬಿದೀವಲ್ಲ. ಆದ್ರೆ ಒಂದು ಮಾತು. ಗವಸು ಎಳೆಯೋವಾಗ ಇವತ್ತು ಮುಖದಲ್ಲಿ ಬಂತಲ್ಲ ಆ ಭಾವನೆ, ಅದು ಹಾಗೇ ಬರಬೇಕು."

"ಅದು ನಟನೆ ಅಲ್ಲ," ಎಂದು ಸೋಫಾದವನು ಊದಿದ ಬೆರಳು ತೋರಿಸಿದ. "ಇನ್ನೊಂದು ವಾರಕ್ಕೆ ಇದು ಇಳಿದುಹೋಗುತ್ತೆ. ಆಮೇಲೆ ಭಾವನೆ ಎಲ್ಲಿಂದ ತರಲಿ?"

ಹೆಂಡತಿ ಗೌನಿನ ತೋಳನ್ನು ಮಡಿಸಿಟ್ಟು ತಲೆ ಎತ್ತಿದಳು.

"ನೀವು ಅದರ ಚಿಂತೆ ಬಿಡಿ ದೊಡ್ಡಮ್ಮ," ಎಂದಳು. "ಸುತ್ತಿಗೆ ಮನೇಲೇ ಇದೆ."