ಮೋರಿ ಬಂದಾಗ ನಿಲ್ಲುವ ಹಾಡು

ಕಾರಿಗೆ ಸ್ಟೀರಿಯೋ ಕೂರಿಸುವುದು ಮಹಾ ವಿದ್ಯೆಯೇನಲ್ಲ. ವೈರಿಗೆ ವೈರು ಸೇರಿಸಿದರೆ ಅದು ಹಾಡುತ್ತದೆ. ಸೇರಿಸಿದ್ದು ಸೇರಿಕೊಂಡೇ ಇರಬೇಕು ಅನ್ನುವಲ್ಲಿ ತಕರಾರು. ಈ ತಕರಾರುಗಳು ನನಗೆ ಈಗಲೂ ತಪ್ಪಿಲ್ಲ, ಆದರೆ ಈಗ ನಗು ಬರುತ್ತದೆ. ಅಂಗಡಿ ತೆರೆದ ಮೊದಲ ವರ್ಷ ಬರುತ್ತಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಕ್ಯಾಸೆಟ್ಟುಗಳು ಇನ್ನೂ ಜೋರಾಗಿದ್ದ ಕಾಲ. ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೆಲಸ ಕಲಿತು, ಯಜಮಾನರ ಜೊತೆ ಜಗಳವಾಡಿ, ಇನ್ನು ನಿಮ್ಮ ಮೆಟ್ಟಿಲು ಹತ್ತುವುದಿಲ್ಲ ಎಂದು ಹೇಳಿ ಬಂದು ಕೊಪ್ಪದ ಬಾಳಗಡಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದೆ. ಯಜಮಾನರು ಸಿಟ್ಟಾಗಲಿಲ್ಲ. "ಮಳೆಗಾಲ ಮುಗಿಯೋದ್ರೊಳಗೆ ವಾಪಸ್ ಬರ್ತಿ. ನಿನ್ನ ಸ್ಟೂಲು ಇಲ್ಲೇ ಇರ್ತದೆ" ಎಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ. ಏನು ಬೇಕಾದರೂ ಆಗಲಿ, ಆ ಸ್ಟೂಲಿನ ಮೇಲೆ ಮತ್ತೆ ಕೂರುವ ಗತಿ ಬರಬಾರದು ಎಂಬುದೊಂದೇ ನನ್ನ ಹಠವಾಗಿತ್ತು.

೧. ಮಾತಾಡಿಸುವ ಜನ

ಮೊದಲ ಗಿರಾಕಿ ನಿವೃತ್ತ ಮೇಷ್ಟ್ರು. ಹಳೇ ಕಾರೊಂದನ್ನು ಕೊಂಡಿದ್ದರು. ಶೃಂಗೇರಿಯಲ್ಲಿ ಮಗಳ ಮನೆ, ವಾರಕ್ಕೊಮ್ಮೆ ಹೋಗಿಬರುವಾಗ ಹಾಡು ಬೇಕಿತ್ತು. ಅರ್ಧ ಗಂಟೆಯಲ್ಲಿ ಕೂರಿಸಿ ಕಳಿಸಿದೆ.

ತಿಂಗಳ ಮೇಲೆ ಮೇಷ್ಟ್ರು ಸ್ಪೀಕರಿನ ಜಾಲರಿ ಸಡಿಲವಾಯಿತೆಂದು ಬಂದರು. ಮುಖದಲ್ಲಿ ಏನೋ ಸಂತೋಷ. "ನಮ್ಮ ಕಡೆ ಜನ ಎಷ್ಟು ಒಳ್ಳೆಯವರು ಮಾರಾಯ. ಇಷ್ಟು ವರ್ಷ ಬಸ್ಸಲ್ಲಿ ಓಡಾಡಿದೆ, ಗೊತ್ತೇ ಆಗಿರ್ಲಿಲ್ಲ. ಈಗ ಎದುರಿಗೆ ಬಂದವರೆಲ್ಲ ಕೈ ತೋರಿಸಿ ಮಾತಾಡಿಸ್ತಾರೆ" ಎಂದರು. ಲಾರಿಯವರೂ ಬಿಡುವುದಿಲ್ಲವಂತೆ. ಹೇಗೆ ಕೈ ತೋರಿಸುತ್ತಾರೆ ಎಂದು ಕೇಳಿದೆ. ಮೇಷ್ಟ್ರು ಐದೂ ಬೆರಳನ್ನು ಮುಚ್ಚಿ ಬಿಡಿಸಿ, ಮುಚ್ಚಿ ಬಿಡಿಸಿ ತೋರಿಸಿದರು. ತಾವೂ ತಪ್ಪದೆ ಹಾಗೇ ಮಾಡಿ ಮರ್ಯಾದೆ ಉಳಿಸಿಕೊಂಡಿದ್ದರಂತೆ.

ಅದು ಹಗಲಲ್ಲಿ ಲೈಟು ಉರಿಯುತ್ತಿದೆ ಎಂದು ಎಚ್ಚರಿಸುವ ಸನ್ನೆ. ಹೊರಗೆ ಹೋಗಿ ನೋಡಿದರೆ ಸ್ಟೀರಿಯೋ ಹಾಡುತ್ತಲೇ ಇದೆ, ನಡು ಮಧ್ಯಾಹ್ನ ಕಾರಿನ ಎರಡೂ ಹೆಡ್‌ಲೈಟು ಉರಿಯುತ್ತಿವೆ. ಅವಸರದಲ್ಲಿ ಸ್ಟೀರಿಯೋದ ಕರೆಂಟನ್ನು ಹೆಡ್‌ಲೈಟಿನ ವೈರಿನಿಂದ ಎಳೆದುಬಿಟ್ಟಿದ್ದೆ. ಲೈಟು ಹಾಕಿದರೆ ಮಾತ್ರ ಹಾಡು. ಎಲ್ಲ ಕಾರಿನಲ್ಲೂ ಹೀಗೇ ಇರುತ್ತದೆಂದು ಪಾಪ ಮೇಷ್ಟ್ರು ಅಂದುಕೊಂಡಿದ್ದರು. ಜಾಲರಿ ಸರಿ ಮಾಡುವ ನೆಪದಲ್ಲಿ ವೈರು ಬದಲಿಸಿ, ಇನ್ನು ಲೈಟು ಹಾಕದೆಯೂ ಹಾಡುತ್ತದೆ ಎಂದಷ್ಟೇ ಹೇಳಿ ಕಳಿಸಿದೆ.

ಮುಂದಿನ ವಾರ ಮೇಷ್ಟ್ರು ದಾರಿಯಲ್ಲಿ ಸಿಕ್ಕಿದರು, ಮುಖ ಸಪ್ಪಗಿತ್ತು. "ಈಗ ಯಾರೂ ಮಾತಾಡಿಸ್ತಾ ಇಲ್ಲ. ನನ್ನಿಂದ ಎಂತಾದ್ರೂ ತಪ್ಪಾಯ್ತಾ ಅಂತ ಯೋಚ್ನೆ ಮಾಡ್ತಿದ್ದೇನೆ" ಎಂದರು.

೨. ಜೀಪಿನವರ ಗಡುವು

ಕೊಪ್ಪದಿಂದ ಜಯಪುರಕ್ಕೆ ಜನ ತುಂಬಿಸಿಕೊಂಡು ಹೋಗುವ ಜೀಪಿನ ಡ್ರೈವರೊಬ್ಬರಿದ್ದರು. ಸ್ಟ್ಯಾಂಡಿನ ಅಷ್ಟೂ ಜೀಪಿನವರಿಗೆ ಇವರು ಹೇಳಿದ್ದೇ ವೇದವಾಕ್ಯ. ಇವರ ಜೀಪಿಗೆ ನಾನು ಸ್ಟೀರಿಯೋ ಹಾಕಿಕೊಟ್ಟಿದ್ದೆ. ಎಲ್ಲ ಕಡೆ ಚೆನ್ನಾಗಿ ಹಾಡುತ್ತಿತ್ತು. ದಾರಿಯಲ್ಲಿ ಹಳ್ಳ ದಾಟಲು ಕಟ್ಟಿದ ಒಂದು ಮೋರಿ, ರಸ್ತೆ ಅಲ್ಲಿ ಉಬ್ಬಿಕೊಂಡಿದೆ. ಆ ಉಬ್ಬು ಹತ್ತಿದ ಕೂಡಲೇ ಹಾಡು ಗಪ್ಪೆಂದು ನಿಲ್ಲುತ್ತಿತ್ತು. ಸ್ವಲ್ಪ ಮುಂದಿನ ಗುಂಡಿಗೆ ಬಿದ್ದಾಗ ತಾನಾಗಿಯೇ ಶುರುವಾಗುತ್ತಿತ್ತು. ಹೋಗುವಾಗ ದಿನವೂ ಅದೇ ಮೋರಿ, ಅದೇ ಗುಂಡಿ.

ಮೂರು ಸಲ ಬಂದರು. ಮೂರು ಸಲವೂ ನಾನು ವೈರನ್ನು ಬೆರಳಲ್ಲೇ ಹೊಸೆದು, ಕರಿ ಟೇಪ್ ಸುತ್ತಿ, ಇನ್ನು ಸತ್ತರೂ ಬಿಡುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಸೀಸ ಕರಗಿಸಿ ವೈರು ಬೆಸೆಯುವ ಸೋಲ್ಡರಿಂಗ್ ಕಬ್ಬಿಣ ಬೀರುವಿನಲ್ಲೇ ಇತ್ತು. ಅದು ಕಾಯುವವರೆಗೆ ಕಾಯುವ ತಾಳ್ಮೆ ನನಗಿರಲಿಲ್ಲ.

ನಾಲ್ಕನೇ ಸಲ ಡ್ರೈವರು ಜೀಪಿನಿಂದ ಇಳಿಯಲೇ ಇಲ್ಲ. "ಬರೋ ಸೋಮವಾರ ಸರಿ ಮಾಡು. ಆಮೇಲೂ ಆ ಮೋರಿ ಮೇಲೆ ಹಾಡು ನಿಂತ್ರೆ ಸ್ಟ್ಯಾಂಡಲ್ಲಿ ಎಲ್ರಿಗೂ ಹೇಳ್ತೇನೆ, ಇವನ ಹತ್ರ ಹೋಗೋದು ಬ್ಯಾಡ ಅಂತ" ಎಂದು ಹೊರಟುಹೋದರು. ಜೀಪುಗಳು ಬಿಟ್ಟರೆ ನನ್ನ ಅಂಗಡಿಗೆ ಬೇರೆ ಬದುಕೇ ಇರಲಿಲ್ಲ. ಶಿವಮೊಗ್ಗದ ಸ್ಟೂಲು ಅಂದಿನಿಂದ ಕನಸಿನಲ್ಲೂ ಬರತೊಡಗಿತು.

೩. ಚಿಗುರಿದ ವೈರು

ಆ ಸೋಮವಾರಕ್ಕೆ ಮೂರು ದಿನವಿದ್ದಾಗ ನರಸಿಂಹರಾಜಪುರದಿಂದ ಕೃಷಿಕರೊಬ್ಬರು ಬಂದರು. ಅವರ ಕಾರಿಗೂ ಸ್ಟೀರಿಯೋ ಹಾಕಿದವನು ನಾನೇ. ಬಂದದ್ದು ಕ್ಯಾಸೆಟ್ ಸಿಕ್ಕಿಹಾಕಿಕೊಂಡಿತೆಂದು. ಸ್ಟೀರಿಯೋ ಹೊರಗೆಳೆದು ನೋಡುತ್ತೇನೆ, ಒಂದು ಸ್ಪೀಕರಿನ ವೈರಿಗೆ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಿ, ಮೇಲೆ ಮೇಣ ಮೆತ್ತಲಾಗಿದೆ. ಇದು ಯಾರ ಘನಕಾರ್ಯ ಎಂದು ಕೇಳಿಯೇಬಿಟ್ಟೆ.

ಅವರದೇ ಅಂತೆ. ಮಳೆಯ ಥಂಡಿಗೆ ನನ್ನ ಟೇಪಿನ ಅಂಟು ಬಿಟ್ಟಿತ್ತು. ಅಷ್ಟಕ್ಕೆಲ್ಲ ಕೊಪ್ಪಕ್ಕೆ ಯಾಕೆ ಬರುವುದೆಂದು, ಮಾವಿನ ಗಿಡಕ್ಕೆ ಕಸಿ ಕಟ್ಟುವ ಹಾಗೆ ಕಟ್ಟಿದ್ದರು. ನಾನು ಜೋರಾಗಿ ನಕ್ಕೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ಎರಡೂ ತುದಿ ಚೊಕ್ಕ ಇರ್ಬೇಕು, ಕಟ್ಟಿದ ಮೇಲೆ ಅಲ್ಲಾಡಬಾರ್ದು, ನೀರು ಇಳಿಬಾರ್ದು. ಕಸಿ ಆದ್ರೂ ಅಷ್ಟೇ, ವೈರಾದ್ರೂ ಅಷ್ಟೇ ಅಲ್ವಾ?" ಎಂದರು.

ಆ ಸ್ಪೀಕರು ಗಟ್ಟಿಯಾಗಿಯೇ ಹಾಡುತ್ತಿತ್ತು. ಪಕ್ಕದ್ದು, ನಾನು ಕಟ್ಟಿದ್ದು, ಕರಕರ ಅನ್ನುತ್ತಿತ್ತು. ಅದರ ಟೇಪು ಮುಟ್ಟಿದರೆ ಕೈಗೇ ಬಂತು. ಒಳಗೆ ತಾಮ್ರದ ಎಳೆಗಳು ಥಂಡಿ ಹಿಡಿದು ಹಚ್ಚಹಸಿರಾಗಿದ್ದವು. ಅವರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು.

"ನೀನು ಸುಮ್ನೆ ನನ್ನ ನೋಡಿ ನಗ್ತಿ ಮಾರಾಯ," ಎಂದರು, "ಚಿಗುರಿದ್ದು ನಿಂದೇ."

೪. ಅಜ್ಜಿಯ ದೂರು

ನಗೆಪಾಟಲಾದರೂ ಪಾಠ ತಲೆಗೆ ಹತ್ತಿತು. ಸೋಮವಾರ ಜೀಪು ಬಂದಾಗ ಕಬ್ಬಿಣವನ್ನು ಮೊದಲೇ ಕಾಯಿಸಿಟ್ಟಿದ್ದೆ. ಹಳೇ ಜೋಡಣೆಯನ್ನೆಲ್ಲ ಕತ್ತರಿಸಿ ಎಸೆದು, ತಾಮ್ರವನ್ನು ಫಳಫಳ ಉಜ್ಜಿ, ಹೊಸೆದು, ಸೋಲ್ಡರ್ ಮಾಡಿದೆ. ಬಿಸಿ ಮಾಡಿದರೆ ಬಿಗಿದುಕೊಳ್ಳುವ ಪ್ಲಾಸ್ಟಿಕ್ ಕೊಳವೆ ತೊಡಿಸಿದೆ. ವೈರು ಜೋತಾಡದಂತೆ ಡ್ಯಾಶ್‌ಬೋರ್ಡಿನ ಹಿಂದೆ ಕಟ್ಟಿ ನಿಲ್ಲಿಸಿದೆ. ಎರಡು ಗಂಟೆ ಹಿಡಿಯಿತು. ಡ್ರೈವರು ಜನ ತುಂಬಿಸಿಕೊಂಡು ಜಯಪುರದ ದಾರಿ ಹಿಡಿದರು.

ಮಾರನೇ ದಿನ ಬೆಳಿಗ್ಗೆ ಜೀಪು ಅಂಗಡಿಯ ಮುಂದೆ ಗಕ್ಕನೆ ನಿಂತಿತು. ಡ್ರೈವರ ಮುಖ ಗಂಟು ಹಾಕಿಕೊಂಡಿತ್ತು. ಪಕ್ಕದಲ್ಲಿ ಹೂವಿನ ಬುಟ್ಟಿ ಹಿಡಿದ ಒಬ್ಬರು ಅಜ್ಜಿ. ಮೋರಿ ಹತ್ತಿರ ನಿಂತುಹೋಯಿತಾ ಎಂದು ಕೇಳಿದೆ.

"ನಿಲ್ಲಲಿಲ್ಲ," ಎಂದರು ಡ್ರೈವರು. "ಅದಕ್ಕೇ ಬಂದಿದ್ದು. ಇವರ ಹತ್ರ ನೀನೇ ಮಾತಾಡು."

ಅಜ್ಜಿ ಕೊಪ್ಪದಲ್ಲಿ ಹೂ ಮಾರಿ ಸಂಜೆ ಇದೇ ಜೀಪಿನಲ್ಲಿ ಮನೆಗೆ ಹೋಗುವವರು. ಮನೆ ಇರುವುದು ಆ ಮೋರಿಯ ಪಕ್ಕದಲ್ಲೇ. ಮಳೆಗೆ ಜೀಪಿನ ಸುತ್ತ ಟಾರ್ಪಾಲು ಇಳಿಸಿದರೆ ಹಿಂದೆ ಕೂತವರಿಗೆ ಹೊರಗೆ ಏನೂ ಕಾಣದು. ಆದರೂ ಅಜ್ಜಿ ದಿನವೂ ಸರಿಯಾಗಿ ಮೋರಿಯ ಮೇಲೇ "ಹೋಯ್, ನಿಲ್ಸಿ" ಅನ್ನುತ್ತಿದ್ದರು. ಇವರಿಗೆ ಅದೆಂಥ ಅಂದಾಜು ಎಂದು ಡ್ರೈವರು ಮಳೆ ಹಿಡಿದಾಗಿನಿಂದ ಬೆರಗುಪಟ್ಟಿದ್ದರು.

"ಹಾಡು ಈಗ ನಿಲ್ತದೆ, ಆಗ ನಿಲ್ತದೆ ಅಂತ ಕಾಯ್ತಾ ಕೂತೆ ಮಗ," ಎಂದರು ಅಜ್ಜಿ. "ಅದು ನಿಲ್ಲಲೇ ಇಲ್ಲ. ಜಯಪುರ ಬಂತು. ನೀನು ಕೈ ಹಾಕೋಕೆ ಮುಂಚೆ ಚೆನ್ನಾಗಿತ್ತು. ಮೊದ್ಲು ಹೆಂಗಿತ್ತೋ ಹಂಗೇ ಮಾಡಿಕೊಡು."

ಗಂಟು ಹಾಕಿಕೊಂಡಿದ್ದ ಡ್ರೈವರ ಮುಖ ಒಡೆದು ನಗು ಹೊರಬಿತ್ತು. ಸ್ಟೇರಿಂಗ್ ಮೇಲೆ ಬಿದ್ದು ಬಿದ್ದು ನಕ್ಕರು. ನನಗೂ ತಡೆಯಲಾಗಲಿಲ್ಲ. ಆ ನಗುವಿನಲ್ಲಿ ಒಂದಿಷ್ಟು ಕಣ್ಣೀರೂ ಇತ್ತು, ಸುಳ್ಳು ಹೇಳುವುದಿಲ್ಲ. ಸಂಜೆಯೊಳಗೆ ಸ್ಟ್ಯಾಂಡಿನಲ್ಲೆಲ್ಲ ಈ ಸುದ್ದಿ ಹಬ್ಬಿತು. ಇವನು ಹಾಕಿದ ಜಾಯಿಂಟು ಎಷ್ಟು ಗಟ್ಟಿಯೆಂದರೆ ಇಳಿಯಬೇಕಾದವರೂ ಇಳಿಯುವುದಿಲ್ಲ ಎಂದು ಡ್ರೈವರೇ ಹೇಳಿಕೊಂಡು ತಿರುಗಿದರು. ವಾರದೊಳಗೆ ಆರು ಜೀಪು ಬಂದವು. ಶಿವಮೊಗ್ಗದ ಆ ಸ್ಟೂಲಿನ ಮೇಲೆ ಈಗ ಯಾರು ಕೂರುತ್ತಾರೋ ನನಗೆ ಗೊತ್ತಿಲ್ಲ.

ಅಜ್ಜಿಯ ಕೆಲಸ ಮಾತ್ರ ಬಾಕಿ ಇತ್ತು. ಡ್ರೈವರ ಎಡಗಾಲಿನ ಬುಡಕ್ಕೆ, ಹಳೇ ಜೀಪುಗಳಲ್ಲಿ ಲೈಟು ಡಿಮ್ ಮಾಡಲು ಇರುತ್ತಿತ್ತಲ್ಲ, ಅಂಥದೇ, ಕಾಲಲ್ಲಿ ಒತ್ತುವ ಸ್ವಿಚ್ಚೊಂದನ್ನು ಕೂರಿಸಿದೆ. ಮೋರಿ ಬಂದ ಕೂಡಲೇ ಅವರು ಅದನ್ನು ಒತ್ತಬೇಕು, ಹಾಡು ನಿಲ್ಲಬೇಕು. ಅದರ ಜೋಡಣೆಗಳನ್ನೂ ಬಿಡದೆ ಸೋಲ್ಡರ್ ಮಾಡಿದೆ.

ತಿಂಗಳ ಮೇಲೆ ಪೇಟೆಯಲ್ಲಿ ಅಜ್ಜಿ ಸಿಕ್ಕಿದರು. ಈಗ ಹೇಗಿದೆ ಎಂದು ವಿಚಾರಿಸಿದೆ. ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ಎತ್ತಿ ನನ್ನ ಕೈಗಿಟ್ಟು, ಬೆನ್ನು ತಟ್ಟಿದರು.

"ಈಗ ಸರಿಯಾಗಿ ನಿಲ್ತದೆ ಮಗ. ಅಡ್ಡಿಲ್ಲ, ಸ್ವಲ್ಪ ಸ್ವಲ್ಪ ಕೆಲ್ಸ ಕಲೀತಿದ್ದಿ."