ಎರಡು ನಿಮಿಷದ ನಿಲುಗಡೆ

ಅಂಕೋಲೆಯ ದೇವಾನಂದ ನಾಯಕನ ಸುಖವೆಲ್ಲ ಎರಡೇ ನಿಮಿಷದಲ್ಲಿ ಅಡಗಿತ್ತು. ದಿನಾ ಬೆಳಿಗ್ಗೆ ಮಂಗಳೂರು ಕಡೆಯಿಂದ ಗೋವಾಕ್ಕೆ ಹೋಗುವ ಇಂಟರ್‌ಸಿಟಿ ಎಕ್ಸ್‌ಪ್ರೆಸ್ ಅಂಕೋಲೆಯಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ಅವನು ಹತ್ತಿ, ಕಿಟಕಿ ಪಕ್ಕ ಕುಳಿತು, ಅರ್ಧ ನಿದ್ದೆ ಮುಗಿಸುವುದರೊಳಗೆ ಕಾರವಾರ. ಅಲ್ಲಿನ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾದ ಅವನು ಈ ರೈಲು ನಿಲ್ಲತೊಡಗಿದ ಮೇಲೆ ಒಮ್ಮೆಯೂ ತಡವಾಗಿ ಹೋಗಿರಲಿಲ್ಲ.

ಅದಕ್ಕೆ ಮೊದಲಿನ ಕತೆ ಬೇರೆ. ಬಸ್ಸು ಅವರ್ಸಾ, ಹಾರವಾಡ, ಅಮದಳ್ಳಿ, ಅರ್ಗಾ ಎಂದು ಕೈ ತೋರಿಸಿದಲ್ಲೆಲ್ಲ ನಿಂತು ಕಾರವಾರ ಮುಟ್ಟುವಾಗ ಕಚೇರಿಯಲ್ಲಿ ಒಂದು ಸುತ್ತು ಚಹಾ ಮುಗಿದಿರುತ್ತಿತ್ತು. ಬಸ್ಸಿನ ಮೀನುಬುಟ್ಟಿಗಳ ನಡುವೆ ನಿಂತು ಬಂದ ನಾಯಕ ಒಳಗೆ ಕಾಲಿಡುವ ಮೊದಲು ಅವನ ಅಂಗಿಯ ಮೀನಿನ ವಾಸನೆ ಒಳಗೆ ಹೋಗಿರುತ್ತಿತ್ತು. ಧಾರವಾಡ ಕಡೆಯ ಸಾಹೇಬರು ಒಂದು ದಿನ ಕನ್ನಡಕ ತೆಗೆದು ಹೇಳಿದ್ದರು: "ನಾಯಕರ, ಜೋಯಿಡಾದಾಗ ಒಂದು ಜಾಗಾ ಖಾಲಿ ಐತಿ. ಅಲ್ಲಿ ನೀವು ತಡಾ ಮಾಡಿ ಬಂದ್ರೂ ನೋಡಾವ್ರು ಯಾರೂ ಇಲ್ಲ." ಸಮುದ್ರದ ಗಾಳಿಯಲ್ಲಿ ಹುಟ್ಟಿ ಬೆಳೆದವನಿಗೆ ಜೋಯಿಡಾದ ಕಾಡು ಎಂದರೆ ಕರಿನೀರೇ ಸರಿ. ಅಂದು ಸಂಜೆಯೇ ದೇವಾನಂದ ಹೋಗಿ ಮಾಬ್ಲೇಶ್ವರ ಮಾಸ್ತರ ಕಾಲು ಹಿಡಿದ.

ಮಾಸ್ತರು ನಿವೃತ್ತರಾದ ಮೇಲೆ ಹೋರಾಡಲು ಏನಾದರೊಂದು ಸಿಗಲಿ ಎಂದು ಕಾಯುತ್ತಲೇ ಇದ್ದರು. ಹುಟ್ಟಿಕೊಂಡಿತು ರೈಲು ಹೋರಾಟ ಸಮಿತಿ. ಅದಕ್ಕೆ ಅಧ್ಯಕ್ಷರು ಒಬ್ಬರು, ಉಪಾಧ್ಯಕ್ಷರು ಏಳು ಜನ, ನಿಜವಾಗಿ ರೈಲು ಹತ್ತುವ ಸದಸ್ಯ ದೇವಾನಂದ ಒಬ್ಬನೇ. ಆದರೂ ಮನವಿ, ಧರಣಿ, ಭಾಷಣ ಎಲ್ಲ ಆಗಿ ಆರು ತಿಂಗಳ ಪ್ರಾಯೋಗಿಕ ನಿಲುಗಡೆ ಸಿಕ್ಕಿತು. ಟಿಕೆಟ್ ಮಾರಾಟ ಚೆನ್ನಾಗಿದ್ದರೆ ಮುಂದುವರಿಯುತ್ತದೆ, ಇಲ್ಲವಾದರೆ ಇಲ್ಲ. ಪಾಸು ಮಾಡಿಸಿದರೆ ದಿನದ ಮಾರಾಟದಲ್ಲಿ ಸೇರುವುದಿಲ್ಲವೆಂದು ಮಾಸ್ತರು ದೇವಾನಂದನಿಗೆ ಪಾಸನ್ನೂ ಮಾಡಿಸಗೊಡಲಿಲ್ಲ. ದಿನಾ ಹೊಸ ಟಿಕೆಟ್.

ಇವತ್ತು ಆ ಆರು ತಿಂಗಳ ಕೊನೆಯ ದಿನ. ರೈಲ್ವೆಯ ದೊಡ್ಡ ಅಧಿಕಾರಿ ಅದೇ ರೈಲಿನಲ್ಲಿ ಬಂದು ಜನಸಂದಣಿ ನೋಡುತ್ತಾರೆ ಎಂದು ಸುದ್ದಿ. ಮನೆಗೆ ಒಂದಾದರೂ ಟಿಕೆಟ್ ತೆಗೆಯಬೇಕೆಂದು ಮಾಸ್ತರು ಊರಿಡೀ ಹೇಳಿ ಬಂದಿದ್ದರು.

"ಹೋಯ್, ನೀವು ಇವತ್ತು ಬಸ್ಸಿಗೇ ಹೋಗೂದು ಚಲೋ," ಎಂದಳು ಹೆಂಡತಿ ಕಲಾವತಿ, ಡಬ್ಬಿ ಕಟ್ಟುತ್ತ. "ಪಕ್ಕದ್ಮನೆ ವೈಜಯಂತಕ್ಕ ರೇಷ್ಮೆ ಸೀರೆ ಉಟ್ಕಂಡು ಸ್ಟೇಶನ್ನಿಗೆ ಹೊರಟಾಗದೆ."

"ಸಮಿತಿ ಹುಟ್ಸದವ ನಾನು. ಕಡೇ ದಿನ ನಾನೇ ಬಸ್ಸು ಹತ್ತಿದ್ರೆ ಜನ ಯಂತಾ ಹೇಳೂದು?"

"ಜನ ಹೇಳೂದು ಹಾಳಾಗ್ಲಿ. ನಿಮ್ಮ ಸಾಹೇಬ್ರು ಯಂತಾ ಹೇಳ್ತರೆ ಅದನ್ನ ನೋಡ್ಕಣಿ."

ಹೆಂಡತಿಯ ಮಾತು ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು. ದೇವಾನಂದ ಕೇಳಲಿಲ್ಲ.

ಸ್ಟೇಶನ್ನಿನಲ್ಲಿ ಟಿಕೆಟ್ ಕಿಟಕಿಯಿಂದ ಹೊರಟ ಸಾಲು ಬಾಗಿಲು ದಾಟಿ ಹೊರಗಿನ ಗೇರುಮರದವರೆಗೆ ಬಂದಿತ್ತು. ದಿನಾ ಅವನೊಬ್ಬನಿಗೇ ಟಿಕೆಟ್ ಕೊಟ್ಟು ಆಕಳಿಸುತ್ತಿದ್ದ ಗುಮಾಸ್ತ ಇವತ್ತು ಬೆವರೊರೆಸಿಕೊಳ್ಳುತ್ತಿದ್ದ. ಕಿಟಕಿಯ ಎದುರು ರೇಷ್ಮೆ ಸೀರೆಯ ವೈಜಯಂತಕ್ಕ.

"ಯಾವ ಊರಿಗೆ?" ಎಂದ ಗುಮಾಸ್ತ.

"ಯಾವ ಊರಾದ್ರೂ ಅಡ್ಡಿಲ್ಲ. ಅಗ್ಗದ್ದು ಕೊಡಿ."

"ಅಗ್ಗದ್ದು ಅಂದ್ರೆ ಕಾರವಾರ."

"ಹಂಗಾರೆ ಅದೇ ನಾಲ್ಕು ಕೊಡಿ."

"ನಮಗೂ ಅದೇ," ಎಂದಿತು ಹಿಂದಿನ ಸಾಲು.

ದೇವಾನಂದ ಮುಂದೆ ನುಸುಳಲು ನೋಡಿದ. ತರಕಾರಿ ವ್ಯಾಪಾರದ ಮಾದು ಗೌಡ ಕೈ ಅಡ್ಡ ಹಿಡಿದ.

"ಮಾದು, ಬಿಡಾ ಮಾರಾಯಾ. ನಾನು ನಿಜಕ್ಕೂ ಹೋಗವ."

"ನಾವು ಊರಿಗೋಸ್ಕರ ನಿಂತಿದ್ದು. ನೀ ನಿನ್ನ ಹೊಟ್ಟೆಪಾಡಿಗೆ ಹೋಗವ. ಸಾಲಿನಲ್ಲಿ ಬಾ."

ಅಷ್ಟರಲ್ಲಿ ರೈಲು ಕೂಗಿತು. ಟಿಕೆಟ್ ಸಿಕ್ಕವರೆಲ್ಲ ಪ್ಲಾಟ್‌ಫಾರ್ಮಿಗೆ ಓಡಿದರು. ಮಾಸ್ತರು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತು ಹಳೆಯ ಶಾಲೆಯ ದನಿಯಲ್ಲಿ ಅಪ್ಪಣೆ ಕೊಡುತ್ತಿದ್ದರು: "ನುಗ್ಗಿ, ಎಲ್ಲರೂ ನುಗ್ಗಿ. ಹತ್ತಬೇಡಿ. ನುಗ್ಗಿ ಮಾತ್ರ."

ಊರು ನುಗ್ಗಿತು. ಪ್ರತಿ ಬಾಗಿಲಿಗೂ ಹತ್ತದೇ ಇರುವ ಜನ ಜೇನು ಕಟ್ಟಿದಂತೆ ಕಟ್ಟಿಕೊಂಡರು. ಹತ್ತಬೇಕಾದ ಒಬ್ಬ ಮಾತ್ರ ಹಿಂದೆ ಉಳಿದು ಎಡಕ್ಕೂ ಬಲಕ್ಕೂ ಓಡಾಡುತ್ತಿದ್ದ. ಕಡೆಗೆ ವೈಜಯಂತಕ್ಕನ ತೋಳಿನ ಅಡಿಯಲ್ಲಿ ತೂರಿ ಬಾಗಿಲಿನ ಕಂಬಿ ಹಿಡಿದಾಗ ಅಂಗಿಯ ಎರಡು ಗುಂಡಿ ಹೋಗಿದ್ದವು, ಕೈಯಲ್ಲಿ ಟಿಕೆಟ್ ಇರಲಿಲ್ಲ.

"ಯಾರಾದ್ರೂ ಒಂದು ಟಿಕೆಟ್ ಕೊಡಿ," ಎಂದು ಅವನು ಗೋಗರೆದ.

ಕಿರಾಣಿ ಅಂಗಡಿಯ ತುಳಸಿದಾಸ ಶೇಟರು ಕರುಣಾಳು. "ಅರೇ ದೇವಾನಂದ, ನಂದು ತಕೋ. ನಂಗೆ ಎಂತಕ್ಕೆ ಅದು? ಅಂಗಡಿ ತೆಗೀಬೇಕು," ಎಂದು ಅವನ ಕಿಸೆಗೆ ಒಂದು ಚೀಟಿ ತುರುಕಿದರು. ರೈಲು ಹೊರಟಿತು. ಊರಿಗೆ ಊರೇ ಕೈ ಬೀಸಿತು.

ಕಿಟಕಿ ಪಕ್ಕ ಕುಳಿತು ಅವನು ಉಸಿರು ಬಿಡುವಷ್ಟರಲ್ಲಿ ಟಿ.ಸಿ. ಬಂದ. ದೇವಾನಂದ ಠೀವಿಯಿಂದ ಚೀಟಿ ಕೊಟ್ಟ.

"ಇದು ಪ್ಲಾಟ್‌ಫಾರ್ಮ್ ಟಿಕೆಟ್," ಎಂದ ಟಿ.ಸಿ.

ಅಗ್ಗದ್ದೆಂದರೆ ಕಾರವಾರ ಎಂದು ಊರೆಲ್ಲ ನಂಬಿದ್ದಾಗ ಅದಕ್ಕಿಂತ ಅಗ್ಗದ್ದನ್ನು ಹುಡುಕಿ ತೆಗೆದವರು ಶೇಟರು ಒಬ್ಬರೇ. ವ್ಯಾಪಾರ ಅಂದರೆ ಸುಮ್ಮನೆ ಅಲ್ಲ. ಟಿಕೆಟ್ ತೆಗೆದವರು ಯಾರೂ ಹತ್ತಲಿಲ್ಲ, ಹತ್ತಿದವನ ಹತ್ತಿರ ಟಿಕೆಟ್ ಇಲ್ಲ. ನಿಜ ಹೇಳಿದರೆ ನಿಲುಗಡೆ ಹೋಗುತ್ತದೆ, ಹೇಳದಿದ್ದರೆ ಮಾನ ಹೋಗುತ್ತದೆ.

ಅಷ್ಟರಲ್ಲಿ ಟಿ.ಸಿ. ತಟ್ಟನೆ ನೆಟ್ಟಗೆ ನಿಂತು ಸಲಾಮು ಹೊಡೆದ. ಮುಂದಿನ ಬೋಗಿಯಿಂದ ಟೈ ಕಟ್ಟಿದ ಆ ದೊಡ್ಡ ಅಧಿಕಾರಿ ಬಂದಿದ್ದರು. ಅಂಕೋಲೆಯ ನೂಕುನುಗ್ಗಲನ್ನು ಕಿಟಕಿಯಿಂದಲೇ ನೋಡಿದ್ದರು. ಆ ದಿನದ ಮಾರಾಟದ ಲೆಕ್ಕವೂ ಸ್ಟೇಶನ್ನಿನಿಂದ ಅವರ ಕೈ ಸೇರಿತ್ತು.

"ಅಷ್ಟೊಂದು ಜನ ಹತ್ತಿದರಲ್ಲ, ಇಲ್ಲಿ ಯಾರೂ ಕಾಣುವುದಿಲ್ಲ?" ಎಂದರು ಅವರು.

ದೇವಾನಂದ ಅವಸರದಿಂದ ಬಾಯಿ ಹಾಕಿದ. "ಎಲ್ಲ ಹಿಂದಿನ ಬೋಗಿಗೆ ಹತ್ತಿದ್ರು ಸಾರ್. ನೋಡೂಕೆ ಮಾತ್ರ ಹೋಗ್ಬೇಡಿ. ಕಾಲಿಡೂಕೆ ಜಾಗಿಲ್ಲ. ಅಲ್ಲಿಂದ ತಪ್ಪಿಸ್ಕಂಡು ಬಂದವ ನಾನು, ಇಲ್ನೋಡಿ," ಎಂದು ಗುಂಡಿ ಹೋದ ಅಂಗಿ ತೋರಿಸಿದ. "ಟಿಕೆಟ್ ತೆಗೆಯೂಕೂ ಆಗ್ಲಿಲ್ಲ, ಅಷ್ಟು ರಶ್ಶು."

ರೈಲ್ವೆ ಸಾಹೇಬರು ಅಂಗಿಯನ್ನು ನೋಡಿದರು. ನಂಬಿದರು. ಎದುರಿಗೇ ಕುಳಿತರು.

"ದಿನಾ ಹೀಗೆಯೇ?"

"ಇವತ್ತು ಕಮ್ಮಿ ಸಾರ್."

"ಎಲ್ಲರೂ ಹೋಗುವುದು ಎಲ್ಲಿಗೆ?"

"ಕಾರವಾರಕ್ಕೇ ಸಾರ್. ನೂರಕ್ಕೆ ನೂರು."

"ಹಾಗಾದರೆ ಮಂಗಳೂರಿನಿಂದ ಗೋವಾಕ್ಕೆ ಹೋಗುವ ದೂರದ ಪ್ರಯಾಣಿಕರ ಗತಿ?"

ಸಾಹೇಬರು ಇಷ್ಟು ಕಿವಿಗೊಟ್ಟು ಕೇಳುತ್ತಿರುವಾಗ ದೇವಾನಂದನಿಗೆ ಹುಮ್ಮಸ್ಸು ಬಂತು. ಸುಳ್ಳು ಹೇಳುವುದೇ ಆದರೆ ಊರಿಗೆ ಒಪ್ಪುವಷ್ಟು ಹೇಳಬೇಕು. "ಅವ್ರಿಗೆಲ್ಲಿ ಜಾಗ ಸಾರ್? ನಮ್ಮ ದೆಸೆಯಿಂದ ಪಾಪ ನಿಂತ್ಕಂಡೇ ಹೋಗ್ತರೆ. ಮೊನ್ನೆ ಒಂದು ಅಜ್ಜಿ, ಉಡುಪಿಯಿಂದ ಬಂದದ್ದು, ಕಣ್ಣೀರೇ ಹಾಕ್ತು." ಆ ಅಜ್ಜಿ ಎಲ್ಲಿಂದ ಬಂದು ಬಾಯಲ್ಲಿ ಕುಳಿತಳೋ ಅವನಿಗೇ ತಿಳಿಯಲಿಲ್ಲ.

"ಒಳ್ಳೆಯ ಮಾಹಿತಿ ಕೊಟ್ಟಿರಿ," ಎಂದು ಸಾಹೇಬರು ಅವನ ಹೆಸರು ಕೇಳಿಕೊಂಡರು. ಎದ್ದು ಹೋಗುವಾಗ ಟಿ.ಸಿ.ಗೆ, "ದಂಡ ಮಾತ್ರ ಹಾಕಿ," ಎಂದರು.

ಕಾರವಾರದಲ್ಲಿ ದಂಡ ಕಟ್ಟಿ, ರಶೀದಿ ಪಡೆದು, ಊರ ಹೊರಗೆ ಶಿರವಾಡದಲ್ಲಿರುವ ಸ್ಟೇಶನ್ನಿನಿಂದ ಪೇಟೆಗೆ ರಿಕ್ಷಾ ಸಿಕ್ಕಿ ಕಚೇರಿ ಮುಟ್ಟುವಾಗ ಚಹಾ ಎರಡನೆಯ ಸುತ್ತಿನಲ್ಲಿತ್ತು. ಕಚೇರಿಯ ಸಾಹೇಬರು ಗುಂಡಿಯಿಲ್ಲದ ಅಂಗಿಯನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ನಾಯಕರ, ಕುಸ್ತಿಗೆ ಹೋಗಿದ್ರೇನು?"

ದೇವಾನಂದ ಎಲ್ಲವನ್ನೂ ಹೇಳಿಬಿಟ್ಟ. ಜೋಯಿಡಾ ಕಣ್ಣೆದುರು ಬಂದರೆ ಯಾರೂ ಸುಳ್ಳು ಹೇಳುವುದಿಲ್ಲ. ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಇವತ್ತೊಂದಿನ ಮಾಫಿ. ನಿಮ್ಮೂರಾಗ ಆ ರೈಲು ನಿಲ್ಲೂ ತನಕಾ ನೀವು ಕಾರವಾರದಾಗ. ನಿಲ್ಲೂದು ಬಿಟ್ಟ ದಿನ ನೀವು ಜೋಯಿಡಾದಾಗ. ಆತಿಲ್ಲೋ?"

"ಆಯ್ತು ಸಾರ್," ಎಂದ ದೇವಾನಂದ. ಅಷ್ಟು ಖುಷಿಯಿಂದ ಅವನು ಯಾವತ್ತೂ ಆಯ್ತು ಎಂದಿರಲಿಲ್ಲ. ರೈಲು ಇನ್ನು ನಿಲ್ಲದೆ ಹೋಗುವುದುಂಟೆ? ಸ್ವತಃ ದೊಡ್ಡ ಸಾಹೇಬರ ಕಿವಿಯಲ್ಲೇ ಹೇಳಿ ಬಂದಿದ್ದಾನೆ.

ಸಂಜೆ ಅದೇ ರೈಲಿನಲ್ಲಿ ಮರಳಿ ಅಂಕೋಲೆಯಲ್ಲಿ ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ಪಟಾಕಿ ಸಿಡಿಯಿತು. ಉಪಾಧ್ಯಕ್ಷರು ಏಳೂ ಜನ ಸಾಲಾಗಿ ನಿಂತಿದ್ದರು. ಕಲಾವತಿಯನ್ನೂ ಕರೆತಂದಿದ್ದರು. ಮಾಸ್ತರು ಅವನಿಗೆ ಹಾರ ಹಾಕಿ, ಶಾಲು ಹೊದೆಸಿ, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ದೇವಾನಂದನ ಕಣ್ಣು ಒದ್ದೆಯಾಯಿತು.

"ತಮಾ, ರೈಲ್ವೆ ಸಾಹೇಬ್ರು ಫೋನ್ ಮಾಡಿದ್ರು," ಎಂದರು ಮಾಸ್ತರು. "ನಿನ್ನ ಮಾತಿನಿಂದ್ಲೇ ಅವ್ರಿಗೆ ಪರಿಸ್ಥಿತಿ ಅರ್ಥ ಆಯ್ತಂತೆ. ಇಷ್ಟು ಜನ ಇರೂ ಊರಿಗೆ ಬರೀ ನಿಲುಗಡೆ ಸಾಲದು, ಅಂಕೋಲೆ–ಕಾರವಾರಕ್ಕೆ ಬೇರೆಯದೇ ರೈಲು ಬೇಕು ಅಂತ ಬರ್ದು ಕಳಸ್ತರಂತೆ. ನಮ್ದೇ ರೈಲು."

ಚಪ್ಪಾಳೆ ಬಿತ್ತು. ದೇವಾನಂದನೂ ತಟ್ಟಿದ.

"ಯಾವಾಗಿಂದ ಮಾಸ್ತರೇ?"

"ಸರ್ವೆ ಆದ ಮೇಲೆ."

"ಸರ್ವೆ ಯಾವಾಗ?"

"ಅದಕ್ಕೆ ದುಡ್ಡು ಮಂಜೂರಾದ ಮೇಲೆ."

"ದುಡ್ಡು?"

"ಬಜೆಟ್ಟಿನಲ್ಲಿ ಇಟ್ಟ ಮೇಲೆ. ಇಡಸೂಕೆ ನಾವು ಹೋರಾಟ ಮಾಡುವ. ಇನ್ನು ಹತ್ತು ವರ್ಷ ನಮ್ಮ ಸಮಿತಿಗೆ ಪುರಸೊತ್ತಿಲ್ಲ ನೋಡು," ಎಂದು ಮಾಸ್ತರು ಕೈ ಉಜ್ಜಿಕೊಂಡರು.

"ಅಲ್ಲೀತನಕ ಇಂಟರ್‌ಸಿಟಿ ನಿಲ್ತದಲ್ಲ?"

"ಅದೆಲ್ಲಿ ನಿಲ್ತದೆ?" ಮಾಸ್ತರಿಗೆ ಆಶ್ಚರ್ಯವೇ ಆಯಿತು. "ಅದು ದೂರದವರ ರೈಲು. ನಮ್ಮಂತ ಹತ್ತಿರದವ್ರು ನುಗ್ಗಿ ಅವ್ರ ಜಾಗ ತಿಂತೇವೆ ಅಂತ ನೀನೇ ಹೇಳಿದ್ಯಂತೆ. ಆ ಉಡುಪಿ ಅಜ್ಜಿ ಕಣ್ಣೀರು ಸಾಹೇಬ್ರ ಮನಸ್ಸಿಗೆ ಭಾರೀ ತಟ್ಟಿದೆ. ನಾಳೆಯಿಂದ ಇಲ್ಲಿ ನಿಲ್ಲೂದಿಲ್ಲ."

ದೇವಾನಂದ ಇಳಿದು ಬಂದ ರೈಲು ಕೂಗು ಹಾಕಿ ಕುಮಟೆಯ ಕಡೆಗೆ ಹೊರಟುಹೋಯಿತು. ತುಳಸಿದಾಸ ಶೇಟರು ಹತ್ತಿರ ಬಂದು, ತಾನು ಬೆಳಿಗ್ಗೆ ಕೊಟ್ಟ ಟಿಕೆಟ್ ಉಪಯೋಗಕ್ಕೆ ಬಂತೋ ಎಂದು ವಿಚಾರಿಸಿದರು.

ಮನೆಗೆ ಹೋಗುವ ದಾರಿಯಲ್ಲಿ ಅವನು ಹೆಂಡತಿಗೆ ಕಚೇರಿಯಲ್ಲಿ ನಡೆದದ್ದನ್ನೆಲ್ಲ ಹೇಳಿದ. ಕಲಾವತಿ ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಜಗುಲಿ ಮುಟ್ಟಿದೊಡನೆ ಅವನು ಸಿಟ್ಟಿನಿಂದ ಶಾಲು ಕಿತ್ತು ಮೂಲೆಗೆ ಎಸೆದಾಗ ಮಾತ್ರ ಹೋಗಿ ಎತ್ತಿಕೊಂಡು, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿದಳು.

"ಎಸೀಬೇಡಿ, ಚಲೋ ಉಣ್ಣೆ ಅದೆ," ಎಂದಳು. "ಜೋಯಿಡಾದಲ್ಲಿ ಚಳಿ ಬಹಳಂತೆ."