ಟೈಲರ್ ಯಜಮಾನರು ಪವರ್ ಸಪ್ಲೈ ತಂದದ್ದು

ಮೂವತ್ತು ವರ್ಷ ಊರಿನವರ ಸೊಂಟ ಅಳೆದವನಿಗೆ ಒಂದು ಯಃಕಶ್ಚಿತ್ ಡಬ್ಬ ಆರಿಸಲು ಬಾರದೇ ಎಂಬುದು ಟೈಲರ್ ಯಜಮಾನರ ವಾದ. ಮನೆಯಲ್ಲಿ ಇದನ್ನು ಯಾರೂ ಒಪ್ಪುತ್ತಿರಲಿಲ್ಲ. ಯಾರೂ ಎಂದರೆ ಅವರ ಹೆಂಡತಿ. (ಮನೆಯ ಜನಸಂಖ್ಯೆ ಎರಡು, ಬಹುಮತ ಯಾವಾಗಲೂ ಆಕೆಯದು.)

ಈಕೆ ಹಗಲೆಲ್ಲ ಗ್ರಂಥಾಲಯದಲ್ಲಿ ಮೆಲುದನಿಯಲ್ಲಿ ಪುಸ್ತಕ ಹುಡುಕಿಕೊಡುವ ಸಾಧ್ವಿ. ಸಂಜೆ ಕಂಪ್ಯೂಟರಿನಲ್ಲಿ ಯುದ್ಧದ ಆಟಕ್ಕೆ ಕೂತರೆ ಐವರು ಹೆಂಗಸರ ಸೇನೆಗೆ ದಂಡನಾಯಕಿ. ಭಾನುವಾರ ಐದು ಗಂಟೆಗೆ ಫೈನಲ್ ಪಂದ್ಯ. ಆದರೆ ಕರೆಂಟು ಹೆಚ್ಚು ಕುಡಿಯುವ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದಂದಿನಿಂದ ಹಳೆಯ ಪವರ್ ಸಪ್ಲೈ, ಅಂದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು ಎಲ್ಲರಿಗೂ ಕರೆಂಟು ಹಂಚುವ ಡಬ್ಬ, ಯುದ್ಧ ಕಾವೇರಿದೊಡನೆ ಪ್ರಾಣ ಬಿಡುತ್ತಿತ್ತು. ಪಂದ್ಯದ ನಡುವೆ ಹಾಗಾದರೆ ಆರು ತಿಂಗಳಿಂದ ಗೆದ್ದುಕೊಂಡು ಬಂದ ತಂಡ ಸೀದಾ ಮನೆಗೆ.

"ರೀ, ನಂಗೆ ಭಾನುವಾರ ಬೆಳಗ್ಗೆ ಡ್ಯೂಟಿ ಇದೆ. ಆರುನೂರೈವತ್ತು ವ್ಯಾಟಿಂದು ಕೊಡಿ ಅನ್ನಿ, ಕೊಡ್ತಾರೆ, ತಗೊಂಡು ಬನ್ನಿ. ದಯವಿಟ್ಟು ತಲೆ ಉಪಯೋಗಿಸ್ಬೇಡಿ."

ಕೊನೆಯ ಮಾತೊಂದನ್ನು ಬಿಟ್ಟು ಯಜಮಾನರು ಎಲ್ಲವನ್ನೂ ಪಾಲಿಸಿದರು. ಕಂಪ್ಯೂಟರ್ ಅಂಗಡಿಯಾಕೆ ಡಬ್ಬ ತಂದು ಮುಂದಿಟ್ಟಳು.

"ಇದು ಸಾಕಾ?"

"ಧಾರಾಳವಾಗಿ ಸಾಕು ಸಾರ್."

‘ಸಾಕು’ ಎಂಬ ಮಾತು ಕಲಾವಿದನ ಎದೆಗೆ ಸೂಜಿಯಂತೆ ಚುಚ್ಚಿತು.

"ನೋಡಮ್ಮಾ, ನಾನು ಪ್ಯಾಂಟು ಹೊಲಿದ್ರೆ ಒಳಗಡೆ ಎರಡಿಂಚು ಬಟ್ಟೆ ಬಿಟ್ಟಿರ್ತೀನಿ. ಗಿರಾಕಿ ಮುಂದೆ ದಪ್ಪ ಆಗ್ತಾನಲ್ಲ, ಅದಕ್ಕೆ. ಕಂಪ್ಯೂಟರ್ ದಪ್ಪ ಆಗಲ್ವಾ? ಎಲ್ಲಕ್ಕಿಂತ ದೊಡ್ಡದು ಕೊಡಿ."

"ಸಾವಿರದ ಇನ್ನೂರು ವ್ಯಾಟಿಂದಿದೆ. ಆದ್ರೆ ಡಬ್ಬ ಉದ್ದ ಸಾರ್. ನಿಮ್ಮ ಕಂಪ್ಯೂಟರ್ ಕ್ಯಾಬಿನೆಟ್ ಒಳಗೆ ಜಾಗ ಎಷ್ಟಿದೆ?"

"ಉದ್ದ ಅಗಲ ನನಗೆ ಹೇಳಿಕೊಡ್ತೀರಾ?" ಎಂದು ಯಜಮಾನರು ನಕ್ಕ ಠೀವಿಗೆ ಕೊರಳಲ್ಲಿದ್ದ ಟೇಪು ಎರಡು ಸಲ ತೂಗಾಡಿತು.

ಸಂಜೆ ನಾಲ್ಕಕ್ಕೆ ಹೆಂಡತಿ ಹಳೆಯದನ್ನು ಬಿಚ್ಚಿ ಹೊಸದನ್ನು ತಳ್ಳಿದಳು. ಮುಕ್ಕಾಲು ಪಾಲು ಒಳಗೆ ಹೋಗಿ, ಕಾಲು ಪಾಲು ಹೊರಗೇ ಉಳಿದು, ‘ಇನ್ನು ನನ್ನಿಂದಾಗದು’ ಎಂದು ನಿಂತಿತು.

"ಅಳತೆ ತಗೊಂಡಿದ್ರಾ?"

"ವ್ಯಾಟ್ ನೋಡಿದೆ."

"ಕೊರಳಲ್ಲಿ ನೇತಾಡ್ತಿರೋದು ಏನು, ಹಾರಾನಾ?"

ಯಜಮಾನರು ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. "ಎರಡಿಂಚು ತಾನೇ ಕಣೇ? ಕ್ಯಾಬಿನೆಟ್ಟನ್ನೇ ಸ್ವಲ್ಪ ಸಡಿಲ ಮಾಡಿಕೊಡ್ಲಾ?"

"ಕತ್ತರಿ ಮುಟ್ಟಿ ನೋಡಿ, ಆಮೇಲಿದೆ!"

ಬದಲಾಯಿಸಿ ತರೋಣವೆಂದರೆ ಅಂಗಡಿ ಭಾನುವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತದೆ. ಡಬ್ಬವನ್ನು ಹೊರಗಿಟ್ಟೇ ತಂತಿ ಜೋಡಿಸಿದರು. ಮೇಜಿನ ಮೇಲಿಟ್ಟರೆ ಒಂದು ತಂತಿ ಎಟುಕದು. ಬಟ್ಟೆಯ ಥಾನುಗಳನ್ನು ಪೇರಿಸಿ ಮೇಲಿಟ್ಟರೆ ಡಬ್ಬದ ಫ್ಯಾನಿಗೆ ಉಸಿರು ಕಟ್ಟುತ್ತದೆ. ಐದಕ್ಕೆ ಮೂರು ನಿಮಿಷವಿತ್ತು. ಹೆಂಡತಿ ಒಮ್ಮೆ ಡಬ್ಬವನ್ನು, ಒಮ್ಮೆ ಗಂಡನನ್ನು ನೋಡಿದಳು.

"ಹಿಡ್ಕೊಳ್ಳಿ."

ಹಸುಗೂಸನ್ನು ಎತ್ತಿಕೊಂಡಂತೆ, ಎದೆಯೆತ್ತರಕ್ಕೆ, ಒಂದೂಕಾಲು ಗಂಟೆ! ಸ್ಪೀಕರಿನಲ್ಲಿ ಗುಂಡುಗಳು ಸಿಡಿದವು, ಸೇತುವೆ ಮುರಿಯಿತು, ನಾಲ್ವರು ಹೆಂಗಸರು ಒಟ್ಟಿಗೇ ಕಿರುಚಿದರು. ಯಜಮಾನರ ಮೂಗು ತುರಿಸಿತು. ತುರಿಸಿಕೊಳ್ಳಲು ಮೂರನೆಯ ಕೈ ಇರಲಿಲ್ಲ. "ಮೂಗು ತುರಿಸ್ತಿದೆ ಕಣೇ" ಎಂದರೆ, "ಶತ್ರು ಬಂದಿದಾನೆ, ಸುಮ್ನಿರ‍್ರೀ!" ಎಂಬ ಉತ್ತರ. ಕೊನೆಗೆ ಎದುರಾಳಿಗಳ ಕೋಟೆ ಕುಸಿದು, ಟ್ರೋಫಿ ದಂಡನಾಯಕಿಯದಾಯಿತು.

"ಕ್ಯಾಪ್ಟನ್, ಒಂದ್ಸಲಾನೂ ಆಫ್ ಆಗ್ಲಿಲ್ವಲ್ಲ!" ಎಂದು ಸ್ಪೀಕರಿನಿಂದ ಗೆಳತಿಯೊಬ್ಬಳು ಕೂಗಿದಳು. "ಹೊಸ ಪವರ್ ಸಪ್ಲೈ ಹೇಗಿದೆ?"

"ಗಟ್ಟಿಮುಟ್ಟಾಗಿದೆ. ಐದೂವರೆ ಅಡಿ, ಕನ್ನಡಕ, ಮುಂದೆ ಸ್ವಲ್ಪ ಹೊಟ್ಟೆ. ಸದ್ದು ಮಾತ್ರ ಜಾಸ್ತಿ."

"ಅಯ್ಯೋ, ಹಾಗಾದ್ರೆ ವಾಪಸ್ ಕೊಟ್ಬಿಡಿ!"

ಹೆಂಡತಿ ತಿರುಗಿ ನೋಡಿದಳು. ಬೆವರಿಗೆ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಡಬ್ಬ ಮಾತ್ರ ಒಂದಿಂಚೂ ಇಳಿದಿರಲಿಲ್ಲ.

"ಇಪ್ಪತ್ತೆಂಟು ವರ್ಷ ಬಳಸಿದ್ದನ್ನ ಯಾವ ಅಂಗಡಿಯವರು ತಗೋತಾರೆ ಹೇಳು" ಎಂದು ನಿಟ್ಟುಸಿರು ಬಿಟ್ಟು, ಕನ್ನಡಕವನ್ನು ಮೇಲೆ ಸರಿಸಿ, ಮೂಗು ತುರಿಸಿಕೊಟ್ಟಳು.